ತಳದ ಹೆಪ್ಪು

ಫೆಬ್ರವರಿ 3, ಸೋಮವಾರ. ಸಂಜೆ ಏಳು

ಈಗಷ್ಟೇ ಬಂದೆ. ಸೋಪು ಹಾಕಿ ತೊಳೆದರೂ ಕೈಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ. ಇವತ್ತು ಹಸಿ ಕಸ ಕಡಿಮೆ, ಒಣ ಕಸ ರಾಶಿ. ನಾಲ್ಕನೇ ಮಹಡಿಯವರು ಮತ್ತೆ ಕಾಫಿ ಲೋಟಗಳನ್ನು ಹಸಿರು ಡಬ್ಬಿಗೆ ಹಾಕಿದ್ದಾರೆ. ಕಾಗದದ್ದು ತಾನೇ ಅನ್ನುತ್ತಾರೆ. ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಇರುತ್ತದೆ, ಕೊಳೆಯುವುದಿಲ್ಲ. ಕೂತು ಹೆಕ್ಕಿದೆ. ಡಬ್ಬಿಯ ಮೇಲೆ ಹೊಸದಾಗಿ ಬಾಳೆಹಣ್ಣಿನ ಚಿತ್ರ ಅಂಟಿಸಿದ್ದಾರೆ. ಗೇಟಿನ ಸೆಕ್ಯುರಿಟಿಯನ್ನು ಎಲ್ಲರೂ ಕರೆಯುವುದು ಮೀಸೆ ಎಂದೇ. ಚಿತ್ರ ನೋಡಿದರೆ ಹಸಿವಾಗುತ್ತದಂತೆ ಅವನಿಗೆ, ಕಸ ಹಾಕುವುದೇ ಮರೆತುಹೋಗುತ್ತದಂತೆ.

ಈ ಡೈರಿಯೂ ಒಣ ಕಸದ್ದೇ. ಆರನೇ ಮಹಡಿಯ ಆಫೀಸಿನವರು ಹಂಚಿ ಉಳಿದದ್ದನ್ನು ಕಟ್ಟುಕಟ್ಟಾಗಿ ಎಸೆದಿದ್ದರು. ಒಂದು ಎತ್ತಿಟ್ಟುಕೊಂಡೆ.

ಅಕ್ಕ ಡಿಸೆಂಬರಿನಲ್ಲಿ ಹೋದಳು. ಅವಳ ಕೆಲಸ ನನಗೆ ಕೊಟ್ಟರು. ಅವಳ ಕೋಟು, ಅವಳ ಕೈಗವಸು, ಅವಳ ಡ್ರಮ್ಮು. ಕೋಟಿನ ತೋಳು ಉದ್ದ, ಮಡಚಿಕೊಳ್ಳುತ್ತೇನೆ. ಡ್ರಮ್ಮು ಬೇಸ್‌ಮೆಂಟಿನ ಮೂಲೆಯಲ್ಲಿ, ನನಗಿಂತ ಎತ್ತರ. ಇಡೀ ಕಟ್ಟಡದ ಹಸಿ ಕಸ ಮೇಲಿನಿಂದ ಹಾಕಿ, ಮರದ ಪುಡಿ ಉದುರಿಸಿ, ಕಬ್ಬಿಣದ ಕೋಲಿನಿಂದ ಕೆದಕಬೇಕು. ಗೊಬ್ಬರವಾದ ಮೇಲೆ ಕೆಳಗಿನ ಬಾಗಿಲಿನಿಂದ ತೆಗೆಯಬೇಕು. ಮುಟ್ಟಿದರೆ ಬೆಚ್ಚಗಿರುತ್ತದೆ. ಚಳಿಯಲ್ಲಿ ಅಕ್ಕ ಅದಕ್ಕೆ ಬೆನ್ನು ಕೊಟ್ಟು ಊಟ ಮಾಡುತ್ತಿದ್ದಳಂತೆ. ನಾನೂ ಹಾಗೇ ಕೂರುತ್ತೇನೆ. ಸ್ವಲ್ಪ ಹೊತ್ತು ಒಬ್ಬಳೇ ಅನ್ನಿಸುವುದಿಲ್ಲ.

ಫೆ. 5, ಬುಧವಾರ

ಸೋಮವಾರ ಆಡಿಟ್‌ನವರು ಬರುತ್ತಾರಂತೆ. ಪರಿಸರಕ್ಕೆ ಒಳ್ಳೆಯ ಕಟ್ಟಡ ಅಂತ ಸರ್ಟಿಫಿಕೇಟ್ ಕೊಡುವವರು. ಮ್ಯಾನೇಜರ್ ಸರ್ ಕಾಲು ನೆಲಕ್ಕೆ ಸೋಕುತ್ತಿಲ್ಲ. ತಾರಸಿಯ ಹಳೇ ಕುಂಡಗಳನ್ನೆಲ್ಲ ಮಣ್ಣಿನ ಸಮೇತ ಲಾರಿಗೆ ತುಂಬಿದರು. ಅಕ್ಕನ ಗೊಬ್ಬರ ಹೋಗುತ್ತಿದ್ದದ್ದು ಆ ಕುಂಡಗಳಿಗೇ. ಈಗ ಅಲ್ಲಿ ಹೊಸ ಕುಂಡ, ನೆಲಕ್ಕೆ ಹಸಿರು ಹುಲ್ಲು. ಪ್ಲಾಸ್ಟಿಕ್ಕಿನದು. ನೀರು ಹಾಕುವ ಕೆಲಸ ತಪ್ಪಿತು ಅಂತ ಮಾಲಿ ನಕ್ಕ. ಆ ನಗು ಚೆನ್ನಾಗಿರಲಿಲ್ಲ.

ಮ್ಯಾನೇಜರ್ ಕೆಳಗೂ ಬಂದರು. ಮೂಗಿಗೆ ಕರವಸ್ತ್ರ. "ಇಲ್ಲೂ ಕನ್ನಡಿ ಥರ ಇರ್ಬೇಕಮ್ಮ. ಮಾಲೀಕರಿಗೆ ಮೊದ್ಲೇ ಈ ಡ್ರಮ್ಮು ಕಂಡ್ರೆ ಆಗಲ್ಲ. ಹಸಿ ಕಸ ಕಂಟ್ರಾಕ್ಟಿಗೆ ಕೊಟ್ಬಿಡಿ, ಊರಾಚೆ ಸುರೀಲಿ ಅಂತಾರೆ. ನಿಮ್ಮಕ್ಕನ ಮುಖ ನೋಡಿ ಇಷ್ಟು ದಿನ ತಡೆದಿದೀನಿ."

ಆಯ್ತು ಸರ್ ಅಂದೆ.

ಫೆ. 7, ಶುಕ್ರವಾರ. ಸಂಜೆ

ಬೆನ್ನು ಹಿಡಿದುಕೊಂಡಿದೆ. ಬೆಳಿಗ್ಗೆಯಿಂದ ಡ್ರಮ್ಮಿನ ಕೆಲಸವೇ.

ನಾನು ಬಂದಾಗಿನಿಂದ ಮೇಲೆ ಹಾಕಿದ್ದೇ ಹೊರತು ತಳ ನೋಡಿರಲಿಲ್ಲ. ಕೆಳಗಿನ ಬಾಗಿಲು ತೆಗೆದರೆ ಗೇಣುದ್ದ ಕಪ್ಪು ಗೊಬ್ಬರ ಹಾಗೇ ಉಳಿದಿದೆ. ಹಳೆಯದು, ಒದ್ದೆ ಒದ್ದೆ. ಸಂಕಟವಾಯಿತು. ಆಸ್ಪತ್ರೆಗೆ ಸೇರುವ ಮುಂಚೆ ಅಕ್ಕನಿಗೆ ನೀರಿನ ಚೊಂಬು ಎತ್ತಲೂ ಆಗುತ್ತಿರಲಿಲ್ಲ. ಆದರೂ ಬರುತ್ತಿದ್ದಳು. ಕೈಲಾಗದೆ ತಳದ್ದು ಬಿಟ್ಟಿದ್ದಾಳೆ. ಆಡಿಟ್‌ನವರು ನೋಡಿ, ಇಲ್ಲಿದ್ದವಳು ಸೋಮಾರಿ ಅಂದರೆ?

ಮೇಲಿನದ್ದು, ಕೆಳಗಿನದ್ದು ಎಲ್ಲ ತೆಗೆದೆ. ಸೊಂಟದವರೆಗೆ ಒಳಗೆ ತೂರಿ ಕೆರೆದೆ. ಮೂಟೆ ಕಟ್ಟಿ ಮಧ್ಯಾಹ್ನದ ಕಸದ ಲಾರಿಗೆ ಹಾಕಿಸಿದೆ. ಬಿಸಿನೀರು, ಫಿನಾಯಿಲು, ಬ್ರಷ್ಷು. ಆಮೇಲೆ ಇನ್ನೊಂದು ಸಲ ಫಿನಾಯಿಲು. ಈಗ ಟಾರ್ಚ್ ಬಿಟ್ಟರೆ ತಳದಲ್ಲಿ ನನ್ನ ಮುಖ ಕಾಣುತ್ತದೆ.

ಅಕ್ಕಾ, ನೀನು ಬಿಟ್ಟದ್ದನ್ನು ಮುಗಿಸಿದೆ.

ಫೆ. 10, ಸೋಮವಾರ

ಬಂದು ಹೋದರು. ಒಬ್ಬ ಮೇಡಂ ಕೆಳಗಿನ ಬಾಗಿಲಿನಿಂದ ಡ್ರಮ್ಮಿನೊಳಗೆ ಬಗ್ಗಿ ನೋಡಿದರು. ಇಷ್ಟು ಕ್ಲೀನಾಗಿ ಇಟ್ಟಿರುವುದನ್ನು ಎಲ್ಲೂ ನೋಡಿಲ್ಲವಂತೆ. ಫೋಟೊ ತೆಗೆದರು. ಮ್ಯಾನೇಜರ್ ಮುಖ ಊರಗಲ. ನನಗೆ ಅರ್ಧ ದಿನ ರಜ.

ಮನೆಗೆ ಬಂದು ಗುಬ್ಬಿಗೆ ಹೇಳಿದೆ. ಅಕ್ಕನ ಮಗಳು. ಕಾಲೇಜಿಗೆ ಹೋಗುವಷ್ಟು ಬೆಳೆದಿದ್ದರೂ ನಮಗೆ ಗುಬ್ಬಿಯೇ. ಅಮ್ಮ ಇದ್ದಿದ್ದರೆ ಎಲ್ಲರ ಹತ್ತಿರ ಹೇಳಿಕೊಂಡು ಬರುತ್ತಿದ್ದಳು ಅಂದಳು. ಕಿಟಕಿಯ ಕುಂಡಕ್ಕೆ ನೀರು ಹಾಕುತ್ತಾ ಅಂದಳು, ನನ್ನ ಕಡೆ ತಿರುಗಲಿಲ್ಲ. ಆ ಕುಂಡದಲ್ಲಿ ಟೊಮೆಟೊ ಗಿಡ. ಯಾರೂ ನೆಟ್ಟದ್ದಲ್ಲ. ಅಕ್ಕ ಒಂದು ಚೀಲ ಗೊಬ್ಬರ ತಂದು ಕುಂಡದ ತುಂಬ ಸುರಿದಿದ್ದಳು, ಗುಲಾಬಿ ಹಾಕೋಣ ಅಂತ. ಅವಳು ಆಸ್ಪತ್ರೆಯಲ್ಲಿದ್ದಾಗ ಇದು ತಾನಾಗಿ ಎದ್ದಿತು. ಕ್ಯಾಂಟೀನಿನ ಯಾವುದೋ ಬೀಜ. ಈಗ ಹಳದಿ ಹೂ ಬಿಟ್ಟಿದೆ.

ಫೆ. 17, ಸೋಮವಾರ

ಡ್ರಮ್ಮು ಸರಿಯಿಲ್ಲ.

ಕಸ ಹಾಕಿದ ಹಾಗೇ ಇದೆ. ಕೊಳೆತು ಗೊಬ್ಬರವಾಗುವ ಬದಲು ಹುಳಿ ವಾಸನೆ. ನೊಣ. ಲಿಫ್ಟಿನ ಸಂದಿಯಿಂದ ವಾಸನೆ ಮೂರನೇ ಮಹಡಿಗೆ ಏರಿದೆ, ದೂರು ಬಂದಿದೆ. ಮರದ ಪುಡಿ ಹೆಚ್ಚು ಹಾಕಿದೆ. ಕೋಲಿನಿಂದ ಕೆದಕಿ ಕೆದಕಿ ಅಂಗೈ ಬೊಬ್ಬೆ ಬಂತು. ಏನೂ ಇಲ್ಲ.

ಊಟಕ್ಕೆ ಕೂತು ಬೆನ್ನು ಕೊಟ್ಟೆ. ತಣ್ಣಗೆ.

ಈ ತಣ್ಣಗೆ ನನಗೆ ಗೊತ್ತು. ಡಿಸೆಂಬರಿನಲ್ಲಿ ನರ್ಸ್ ಬರುವ ಮುಂಚೆ ಹಣೆ ಮುಟ್ಟಿದ್ದೆ...

ಡಬ್ಬಿ ಮುಚ್ಚಿ ಎದ್ದೆ.

ಫೆ. 18, ಮಂಗಳವಾರ

ಮೀಸೆ ಟೀ ಕುಡಿಯಲು ಕೆಳಗೆ ಬಂದ. ಮೂಗು ಸಿಂಡರಿಸಿ, ಇದೇನಕ್ಕ, ಡ್ರಮ್ಮು ಮುನಿಸಿಕೊಂಡಿದೆಯಾ ಅಂದ. ತೊಳೆದದ್ದನ್ನು ಹೇಳಿದೆ. ಲೋಟ ಕೆಳಗಿಟ್ಟ.

"ತಳದ್ದೂ ತೆಗೆದ್ರಾ?"

"ಹೂಂ. ಅವಳ ಕೈಲಿ ಆಗಿರ್ಲಿಲ್ಲ ಪಾಪ."

"ಅಯ್ಯೋ, ಆಗ್ದೆ ಬಿಟ್ಟಿದ್ದಲ್ಲಕ್ಕ. ಯಾವತ್ತೂ ಅದನ್ನ ತೆಗೀತಿರ್ಲಿಲ್ಲ ಅವ್ರು. ಹೆಪ್ಪು ಅಂತಿದ್ರು. ಎಲ್ಲಾ ಬಾಚಿಬಿಟ್ರೆ ನಾಳೆ ಏನಕ್ಕೆ ಹೆಪ್ಪು ಹಾಕ್ಲಿ ಅಂತ ನಂಗೇ ಬೈದಿದ್ರು ಒಂದ್ಸಲ, ಗಿಡಕ್ಕೆ ಕೊಡಿ ಅಂತ ಕೇಳಿದ್ದಕ್ಕೆ."

ಟೀ ಮುಗಿಸದೆ ಎದ್ದು ಹೋದ.

ಹೆಪ್ಪು. ದಿನಾ ರಾತ್ರಿ ಹಾಲಿಗೆ ಹೆಪ್ಪು ಹಾಕುವ ಕೈ ಇದು. ಬಟ್ಟಲಲ್ಲಿ ಒಂದು ಚಮಚ ಮೊಸರು ಉಳಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ಕೈಯಲ್ಲಿ ಅಷ್ಟು ವರ್ಷದ್ದನ್ನು ಕೆರೆದು ಲಾರಿಗೆ ಹಾಕಿದೆ. ಮೇಲಿಂದ ಫಿನಾಯಿಲು. ಜೀವ ಇದ್ದದ್ದು ಅದರಲ್ಲೇ. ಅವಳು ಇಷ್ಟು ವರ್ಷ ಆರಲು ಬಿಡದೆ ಕಾದದ್ದು.

ಅವಳ ಹೆಸರು ಉಳಿಸಲು ಹೋಗಿ...

ತಾರಸಿಗೆ ಓಡಿದೆ. ಹಳೇ ಮಣ್ಣು ಒಂದು ಹಿಡಿಯೂ ಇಲ್ಲ. ಪ್ಲಾಸ್ಟಿಕ್ ಹುಲ್ಲಿನ ಮೇಲೆ ನಿಂತು ವಾಪಸು ಬಂದೆ.

ಫೆ. 19, ಬುಧವಾರ. ಬೆಳಿಗ್ಗೆ

ಗುಬ್ಬಿ ಕಾಲೇಜಿಗೆ ಹೋದಳು. ಕಿಟಕಿಯ ಹತ್ತಿರ ನಿಂತಿದ್ದೇನೆ. ಅಕ್ಕನ ಗೊಬ್ಬರ ಇನ್ನು ಉಳಿದಿರುವುದು ಈ ಕುಂಡದಲ್ಲಿ ಮಾತ್ರ.

ಬೇರಿಗೆ ತಾಗದ ಹಾಗೆ ಮೇಲಿಂದ ತೆಗೆದರೆ ಆಗುತ್ತದೆ. ಅರ್ಧ ಸಾಕು. ಅವಳಿಗೆ ಗೊತ್ತೂ ಆಗುವುದಿಲ್ಲ.

ಸಂಜೆ

ಬಕೆಟ್ಟಿನಲ್ಲಿ ಹೆಪ್ಪು ಹಾಕಿದೆ. ಹಣ್ಣಿನ ಸಿಪ್ಪೆ, ಮರದ ಪುಡಿ, ಕುಂಡದ ಗೊಬ್ಬರ. ಮೇಲೆ ಗೋಣಿ ಹೊದಿಸಿದೆ. ಡ್ರಮ್ಮು ಖಾಲಿ ಮಾಡಿ ಬರೀ ನೀರಿನಲ್ಲಿ ತೊಳೆದೆ, ಫಿನಾಯಿಲಿನ ವಾಸನೆ ಹೋಗುವ ತನಕ. ಹಸಿ ಕಸ ಸದ್ಯಕ್ಕೆ ಲಾರಿಗೆ.

ಮನೆಗೆ ಬಂದಾಗ ಗಿಡ ತಲೆ ಬಗ್ಗಿಸಿತ್ತು.

ಫೆ. 20, ಗುರುವಾರ

ಟೊಮೆಟೊ ಗಿಡ ಪೂರ್ತಿ ಬಾಡಿದೆ. ಬೇರು ನಾನು ಅಂದುಕೊಂಡದ್ದಕ್ಕಿಂತ ಮೇಲೇ ಇತ್ತು. ಹೂಗಳು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿವೆ.

ಗುಬ್ಬಿ ಕುಂಡ ನೋಡಿದಳು. ನನ್ನ ಉಗುರು ನೋಡಿದಳು. ಯಾಕೆ ಅಂತ ಹೇಳಿದೆ, ತಳದ್ದು ಕೆರೆದದ್ದರಿಂದ ಹಿಡಿದು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಅಂದಳು:

"ಕೇಳಿದ್ರೆ ನಾನೇ ಕೊಡ್ತಿದ್ದೆ ಚಿಕ್ಕಮ್ಮ. ಬೇರು ನೋಡ್ಕೊಂಡು ತೆಗೀತಿದ್ದೆ."

ಅವಳು ಕೊಡುವುದಿಲ್ಲ ಅಂತ ಯಾಕೆ ಅಂದುಕೊಂಡೆ? ಅಕ್ಕ ಇಬ್ಬರಿಗೂ ಹೋದದ್ದು. ನನಗೊಬ್ಬಳಿಗೇ ಅನ್ನುವ ಹಾಗೆ ನಡೆದುಕೊಂಡೆ.

ಫೆ. 28, ಶುಕ್ರವಾರ

ಬರೆಯಲು ಮನಸ್ಸಿರಲಿಲ್ಲ. ಮನೆಯಲ್ಲಿ ಮಾತಿಲ್ಲ. ಊಟ ಆಯ್ತಾ, ಆಯ್ತು. ಬಾಗಿಲು ಹಾಕಿದ್ಯಾ, ಹಾಕಿದೆ. ಅಷ್ಟೇ.

ಬಕೆಟ್ಟು ಬೆಚ್ಚಗಾಗಿದೆ. ಗೋಣಿಯೊಳಗೆ ಕೈ ಇಟ್ಟೇ ಕೂತಿದ್ದೆ. ಅದನ್ನು ಡ್ರಮ್ಮಿಗೆ ಸುರಿದು, ಮೇಲೆ ಕ್ಯಾಂಟೀನಿನದು ಸ್ವಲ್ಪವೇ ಹಾಕಿದೆ.

ಮಧ್ಯಾಹ್ನ ಮ್ಯಾನೇಜರ್ ಕರೆದರು. ಸರ್ಟಿಫಿಕೇಟ್ ಬಂದಿದೆ, ಲಾಬಿಯಲ್ಲಿ ಗಾಜು ಹಾಕಿ ತೂಗುಹಾಕಿದ್ದಾರೆ. ಪಕ್ಕದಲ್ಲಿ ಆ ಮೇಡಂ ತೆಗೆದ ಫೋಟೊ, ಖಾಲಿ ಡ್ರಮ್ಮು ಫಳಫಳ. ಹಸಿ ಕಸ ಕಂಟ್ರಾಕ್ಟಿಗೆ ಕೊಟ್ಟಾಯ್ತಂತೆ. ವಾಸನೆಯ ದೂರು ಮಾಲೀಕರ ತನಕ ಹೋಗಿದೆ. ಡ್ರಮ್ಮು ಬುಧವಾರ ಗುಜರಿಗೆ. ಬೆಚ್ಚಗಾಗುತ್ತಿದೆ ಸರ್, ಇನ್ನೊಂದು ವಾರ ಬಿಡಿ ಅಂದೆ. ಅವರಿಗೂ ಬೇಜಾರಾದ ಹಾಗೆ ಕಂಡಿತು. ನಿಮಗೂ ಆರಾಮಲ್ಲವೇನಮ್ಮ, ಇನ್ನು ಒಣ ಕಸ ಮಾತ್ರ ಅಂದರು. ಕೆಲಸ ಹೋಗುವುದಿಲ್ಲ ಅಂದರು.

ಕೆಲಸದ ಮಾತು ಯಾರು ಎತ್ತಿದ್ದರು?

ಮಾರ್ಚ್ 4, ಮಂಗಳವಾರ. ರಾತ್ರಿ ಎಂಟು

ಡ್ರಮ್ಮು ಬಿಸಿಯಾಗಿದೆ. ಮುಚ್ಚಳ ತೆಗೆದರೆ ಹಬೆ. ಹುಳಿ ವಾಸನೆ ಇಲ್ಲ. ಮಣ್ಣಿನ ವಾಸನೆ. ಅಕ್ಕನ ಕೋಟಿನಲ್ಲಿ ಇರುತ್ತಿದ್ದ ವಾಸನೆಯೇ. ಕೋಟನ್ನೂ ನಾನು ಬಂದ ಮೊದಲ ವಾರವೇ ಒಗೆದಿದ್ದೆ.

ನಿನ್ನೆ ರಾತ್ರಿ ಗುಬ್ಬಿಗೆ, ಡ್ರಮ್ಮು ನಾಳೆವರೆಗೆ ಇರುತ್ತದೆ ಅಂತಷ್ಟೇ ಹೇಳಿದ್ದೆ. ಬಾ ಅನ್ನಲು ಬಾಯಿ ಬರಲಿಲ್ಲ. ಇವತ್ತು ಸಂಜೆ ಮೀಸೆ ಅವಳನ್ನು ಕೆಳಗೆ ಕರೆದುಕೊಂಡು ಬಂದ. ನಿಮ್ಮಮ್ಮ ನನಗೆ ಬೈದ ಜಾಗ ಇದೇ ನೋಡಮ್ಮ ಅಂತ ತೋರಿಸಿ, ಗೇಟಿಗೆ ವಾಪಸಾದ.

ಗುಬ್ಬಿ ಬ್ಯಾಗು ಇಳಿಸಿದಳು. ಡ್ರಮ್ಮಿನ ಮೇಲೆ ಅಂಗೈ ಇಟ್ಟಳು. ಆಮೇಲೆ ಕೆನ್ನೆ ಇಟ್ಟಳು. ಬಹಳ ಹೊತ್ತು. ನಾನು ಒಣ ಕಸದ ಕಡೆ ತಿರುಗಿ ಕಾಗದ ಜೋಡಿಸಿದೆ.

"ಇಷ್ಟು ಬಿಸಿ ಇರುತ್ತಾ ದಿನಾ?"

"ಇರ್ತಿತ್ತು."

ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. ಇಳಿಯುವಾಗ, ಕುಂಡ ಹಾಗೇ ಇದೆ, ಎಸೆದಿಲ್ಲ ಅಂದಳು.

ಈಗ ಅಡುಗೆಮನೆಯಲ್ಲಿ ಏನೋ ಹುಡುಕುತ್ತಿದ್ದಾಳೆ. ಮುಚ್ಚಳ ಗಟ್ಟಿಯಿರುವ ಬಕೆಟ್ಟು ಬೇಕಂತೆ, ಬಸ್ಸಿನಲ್ಲಿ ಹೆಪ್ಪು ತರುವುದಕ್ಕೆ. ಇರುವುದಕ್ಕೆಲ್ಲ ಮುಚ್ಚಳ ಸಡಿಲ. ಎಷ್ಟು ತಂದರೂ ಒಂದು ಬಕೆಟ್ಟು. ಉಳಿದದ್ದು...

ಗುಜರಿಯವನು ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತಾನೆ. ಬೇಸ್‌ಮೆಂಟಿನ ಬಾಗಿಲು ತೆಗೆಯುವುದು ಏಳೂವರೆಗೆ.