ಲತೀಫ್ ತೋಟದ ಕಮಾನು

ಜೀವನ್ ಬಿಮಾ ನಗರ, ಬೆಂಗಳೂರು
ಫೆಬ್ರುವರಿ ೧೧, ೨೦೨೫

ಪ್ರೀತಿಯ ರುದ್ರಾಣಿ,

ಬಾಣಂತಿ ಹೇಗಿದ್ದಾಳೆ? ಆಶಾರಾಣಿಗೆ ನಿದ್ದೆ ಆಗುತ್ತಿದೆಯೇ, ಇಲ್ಲ ಕೂಸು ಅಜ್ಜನ ಹಾಗೆ ಹೊತ್ತುಗೊತ್ತಿಲ್ಲದೆ ಬಾಯಿ ಮಾಡುತ್ತದೆಯೇ? ನಿನ್ನ ಮಂಡಿನೋವಿಗೆ ಜಕಾರ್ತದ ಸೆಕೆ ಒಳ್ಳೆಯದೇ ಆಯಿತೆಂದು ಅಳಿಯಂದಿರು ಹೇಳಿದರು. ನಿಮ್ಮಕ್ಕನ ಮಗ ಪ್ರಭುಲಿಂಗ ಕಂಪನಿ ಕೆಲಸದ ಮೇಲೆ ಇವತ್ತು ಅಲ್ಲಿಗೇ ಹೊರಟಿದ್ದಾನೆ. ಅವನ ಕೈಲಿ ಅಂಟಿನುಂಡೆ ಕಳಿಸಿದ್ದೇನೆ. ಕಟ್ಟಿದ್ದು ನಿಮ್ಮಕ್ಕ, ಆದ್ದರಿಂದ ಹಲ್ಲು ಜೋಪಾನ. ದಿನಾ ವಿಡಿಯೋ ಕಾಲ್ ಮಾಡುವವನು ಕಾಗದ ಯಾಕೆ ಬರೆದ ಎಂದು ನಗಬೇಡ. ಫೋನಿನಲ್ಲಿ ನಿನ್ನ ಮುಖ ಕಾಣುತ್ತದೆ, ಅದೇ ತೊಂದರೆ.

ಟಿನ್ ಫ್ಯಾಕ್ಟರಿ ಹಿಂದೆ ನಾನು ಸೈಟು ಮಾಡಿಸಿದ ಹೊಸ ಬಡಾವಣೆಯ ಕಮಾನು ಭಾನುವಾರ ಉದ್ಘಾಟನೆಯಾಯಿತು. ಜಾಗ ಕೊಟ್ಟ ಇಮಾಮ್ ಬೀ ರೇಟಿಗೆ ಜಗ್ಗಾಡಿದವರಲ್ಲ. ‘ನಮ್ಮೋರ ಹೆಸ್ರು ಜಾಗಕ್ಕೆ ಇರ್ಲಿ ಸಾಹೇಬ್ರೆ, ಅಷ್ಟೇ ಸಾಕು’ ಎಂದಿದ್ದರು. ತೀರಿಹೋದ ಗಂಡ ಲತೀಫ್ ಸಾಬರು ಅಲ್ಲಿ ಗುಲಾಬಿ ಬೆಳೆದವರು. ಆಟೋದವರಿಗೆಲ್ಲ ಅದು ಇವತ್ತಿಗೂ ಲತೀಫ್ ತೋಟ. ನಾನು ಆಗಲಿ ಎಂದೆ. ಎಂದೆ ಅಷ್ಟೆ, ಬರೆದುಕೊಡಲಿಲ್ಲ. ಆಮೇಲೆ ಸೈಟು ಮಾರಿಸುವ ಅಮರಪ್ಪ, ‘ಆ ಹೆಸ್ರಿದ್ರೆ ನಮ್ ಜನ ಬಂದು ನೋಡ್ಕೊಂಡು ವಾಪಸ್ ಹೋಗ್ತಾರೆ ಸಾರ್’ ಎಂದ. ಅವನನ್ನು ಬೈಯಬೇಕಿತ್ತು. ಬದಲಿಗೆ ಗ್ರಾನೈಟಿನ ಮೇಲೆ ‘ರುದ್ರಾಣಿ ಎನ್‌ಕ್ಲೇವ್’ ಎಂದು ಕೆತ್ತಿಸಿದೆ. ಹೆಂಡತಿಯ ಹೆಸರಿಟ್ಟವನಲ್ಲಿ ಯಾರೂ ತಪ್ಪು ಹಿಡಿಯುವುದಿಲ್ಲ ಎಂಬ ಲೆಕ್ಕ. ನಿನಗೆ ಹೇಳದೆ ಮುಚ್ಚಿಟ್ಟಿದ್ದು ಪ್ರೀತಿಗೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಪರದೆಯ ಹಗ್ಗವನ್ನು ಇಮಾಮ್ ಬೀ ಕೈಲೇ ಎಳೆಸಿ ಶಾಲು ಹೊದಿಸಿದೆ. ಅವರಿಗೆ ಕನ್ನಡ ಓದಲು ಬಾರದು. ಗಂಡನ ಹೆಸರೇ ಎಂದುಕೊಂಡು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಅದನ್ನು ನೋಡಿಯೂ ನಾನು ಮೈಕು ಬಿಡಲಿಲ್ಲ. ಮಗಳು ಎಂಥ ಊರಲ್ಲಿದ್ದಾಳೆಂದು ಹೇಳಿಕೊಳ್ಳುವ ಚಪಲ ಬೇರೆ. ನೀನು ಹೇಳಿದ್ದ ಕಥೆಯನ್ನೇ ಹೊಡೆದೆ: ಜಯಕರ್ತ ಎಂಬ ಊರನ್ನು ಡಚ್ಚರು ಸುಟ್ಟರು, ಅಲ್ಲೇ ತಮ್ಮ ಪಟ್ಟಣ ಕಟ್ಟಿ, ತಮ್ಮ ಹಿಂದಿನವರ ಕುಲದ ಹೆಸರು ಹಚ್ಚಿ ಬಟಾವಿಯಾ ಮಾಡಿದರು, ಮುನ್ನೂರು ವರ್ಷ ದಾಟಿದ ಮೇಲೆ ಯುದ್ಧದಲ್ಲಿ ಜಪಾನಿನವರು ಬಂದು ಡಚ್ಚರನ್ನು ಕೆಳಗಿಳಿಸಿದಾಗ ಹಳೆಯ ಹೆಸರೇ ಜಕಾರ್ತವಾಗಿ ಎದ್ದು ಬಂತು, ಸ್ವಾತಂತ್ರ್ಯ ಸಿಕ್ಕ ಮೇಲೂ ಅದೇ ನಿಂತಿತು. ಎಲ್ಲರೂ ತಲೆದೂಗಿದರು. ನನ್ನ ಮಾತನ್ನು ನಾನೇ ಮೆಚ್ಚಿಕೊಂಡೆ.

ಅಷ್ಟರಲ್ಲಿ ಇಮಾಮ್ ಬೀ ಮಗಳು ಬದ್ರುನ್ನೀಸಾ ಕಮಾನಿನ ಮೇಲಿನ ಹೆಸರು ಓದಿ ತಾಯಿಯ ಕಿವಿಯಲ್ಲಿ ಹೇಳಿದಳು. ಇಮಾಮ್ ಬೀ ವೇದಿಕೆಯ ಹತ್ತಿರ ಬಂದು, ‘ಅಂಗಾದ್ರೆ ನೀವ್ಯಾರು ಸಾಹೇಬ್ರೆ? ಆ ಊರೋರಾ, ಸುಟ್ಟೋರಾ?’ ಎಂದರು. ಕೋಪವಿರಲಿಲ್ಲ, ತಿಳಿಯದ್ದನ್ನು ಕೇಳುವ ಹಾಗೆ ಕೇಳಿದರು. ಮುಂದಿನ ಸಾಲಿನವರು ಕಿಸಕ್ಕೆಂದರು. ನಾನು ಏನೋ ಒಂದು ಹೇಳಿ ತಪ್ಪಿಸಿಕೊಂಡೆ. ಅವತ್ತಿನಿಂದ ಆ ಬಡಾವಣೆಯ ಕಡೆ ಗಾಡಿ ತಿರುಗಿಸಲು ಮುಖವಿಲ್ಲ.

ಆಶಾರಾಣಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ. ಕೂಸಿನ ಹಣೆಗೆ ನನ್ನ ಪರವಾಗಿ ವಿಭೂತಿ ಹಚ್ಚು. ತೊಟ್ಟಿಲಿಗೆ ಹಾಕುವಾಗ ಹೆಸರು ನಿಮ್ಮಿಷ್ಟ; ಹೆಸರಿಡುವ ವಿಷಯದಲ್ಲಿ ನಾನಿನ್ನು ಬಾಯಿ ಹಾಕುವುದಿಲ್ಲ.

ನಿನ್ನ,
ಪಂಚಾಕ್ಷರಯ್ಯ

ತಾ.ಕ.: ಪ್ರಭುಲಿಂಗನ ಕ್ಯಾಬ್ ಬಾಗಿಲಿಗೆ ಬಂದಿದೆ. ಅವತ್ತು ಇಮಾಮ್ ಬೀಗೆ ನಾನು ಹೇಳಿ ತಪ್ಪಿಸಿಕೊಂಡಿದ್ದು ಇದು: ‘ನಮ್ ಮನೆಯವ್ರು ಹಠ ಹಿಡಿದ್ರು ಅಮ್ಮಾ, ನಾನೇನ್ ಮಾಡ್ಲಿ?’ ಅವರು ‘ಹೆಣ್ಮಗಳು ಆಸೆ ಪಟ್ಟವ್ರೆ, ಇರ್ಲಿ ಬಿಡಿ’ ಎಂದರು. ಮೊಮ್ಮಗು ಆಗಿದ್ದಕ್ಕೆ ಹರಸಬೇಕೆಂದು ನಿನ್ನ ನಂಬರ್ ಈಸಿಕೊಂಡಿದ್ದಾರೆ; ಶುಕ್ರವಾರ ಫೋನ್ ಮಾಡುತ್ತಾರೆ. ನಿನ್ನ ಹೆಸರಿನ ಕಲ್ಲು ಇಳಿಸಲು ಹೇಳಿದ್ದೇನೆ, ಅಮರಪ್ಪ ಕುಣಿದಾಡಲಿ. ಆದರೆ ಸುಳ್ಳು ಹೇಳಿದೆ ಎನ್ನಲು ಅವರ ಮನೆ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಅವರಾಗಿ ಆ ಮಾತೆತ್ತುವವರಲ್ಲ. ನೀನೇ ಎತ್ತು, ನಿನಗೆ ಏನೂ ಗೊತ್ತಿರಲಿಲ್ಲವೆಂದು ಹೇಳು. ನನ್ನ ಮಾನ ಕಾಯಲು ಹೋಗಬೇಡ.