ಹಿಂದಿನ ಸೀಟು

ಪ್ರೀತಿಯ ಮೈದುನನಿಗೆ,

ದೋಣಿ ಕೊಳ್ಳುವವರನ್ನು ಭಾನುವಾರ ಕರೆತರಬೇಡ. ಹೋದ ವಾರ ಮಾರೋಣ ಎಂದವಳು ನಾನೇ, ಬೇಸರಿಸಬೇಡ.

ನಿಮ್ಮಣ್ಣ ಹೋದ ಮೇಲೆ ಮೊದಲ ಸಲ ಇವತ್ತು ಬೆಳಿಗ್ಗೆ ಒಬ್ಬಳೇ ನಮ್ಮ ಎರಡು ಸೀಟಿನ ದೋಣಿ ಇಳಿಸಿದೆ. ಅಭ್ಯಾಸಬಲದಿಂದ ಮುಂದಿನ ಸೀಟಿನಲ್ಲೇ ಕುಳಿತೆ. ದೋಣಿಯ ಮೂತಿ ಬಾಗಿ, ಗಾಣದೆತ್ತಿನ ಹಾಗೆ ಸುತ್ತಿದ ಜಾಗದಲ್ಲೇ ಸುತ್ತತೊಡಗಿತು.

ದೋಣಿ ರಿಪೇರಿಯವನು ದಡದಲ್ಲಿ ನಗುತ್ತಿದ್ದ. "ಅಕ್ಕಾ, ಒಬ್ರೇ ಹೋಗೋದಾದ್ರೆ ಹಿಂದೆ ಕೂತ್ಕೋಬೇಕು. ಮುಂದೆ ಈ ಮರಳು ಚೀಲ ಇಟ್ಕೊಳ್ಳಿ, ನಿಮ್ಮಷ್ಟು ಮಾತಾಡಲ್ಲ" ಎಂದ.

ಹಿಂದಿನದು ನಿಮ್ಮಣ್ಣನ ಸೀಟು. ದಡಕ್ಕೆ ಬಂದು ಮರಳು ಚೀಲವನ್ನು ಮುಂದಿಟ್ಟು, ಅಲ್ಲಿ ಕುಳಿತೆ. ದೋಣಿ ನೆಟ್ಟಗೆ ಹೊರಟಿತು. ಸಮುದ್ರ ಎಣ್ಣೆಯ ಹಾಗೆ ಶಾಂತವಾಗಿತ್ತು. ಬಂಡೆಯ ಮೇಲೆ ನೀರುಕಾಗೆಯೊಂದು, ನೆನೆದ ಕೋಟು ಒಣಗಿಸುವ ವಕೀಲನಂತೆ ರೆಕ್ಕೆ ಹರಡಿ ನಿಂತಿತ್ತು. ದೂರದಲ್ಲಿ ಕಡಲಾಮೆಯ ತಲೆ ಕಂಡಿತು. ಕೈ ತಾನಾಗಿಯೇ ಹುಟ್ಟನ್ನು ತಿರುಗಿಸಿ ದೋಣಿಯ ಮೂತಿಯನ್ನು ಅತ್ತ ಇಟ್ಟಿತು.

ಆಗ ಅರ್ಥವಾಯಿತು. ಏಳು ವರ್ಷ ಎಲ್ಲ ಪ್ರಾಣಿಗಳನ್ನೂ ಮೊದಲು ನೋಡಿದವಳು ನಾನೆಂದು ಬೀಗಿದ್ದೆ. "ನಿಮಗೆ ಕಣ್ಣೇ ಇಲ್ಲ" ಎಂದು ನಿಮ್ಮಣ್ಣನನ್ನು ನಿಮ್ಮೆಲ್ಲರ ಮುಂದೆ ಆಡಿಕೊಂಡಿದ್ದೆ. ಆದರೆ ದೋಣಿ ತಿರುಗಿಸುವುದು ಹಿಂದೆ ಕೂತವರು. ಅವರು ಮೊದಲೇ ನೋಡಿ, ದೋಣಿಯನ್ನು ಅತ್ತ ತಿರುಗಿಸಿ, ನಾನು ಕೂಗುವ ತನಕ ಸುಮ್ಮನಿರುತ್ತಿದ್ದರು.

ಭಾನುವಾರ ನಿನ್ನ ಮಗಳನ್ನು ಕರೆದುಕೊಂಡು ಬಾ. ಟೋಪಿ ಇರಲಿ, ಬಿಸಿಲು ಬೇಗ ಏರುತ್ತದೆ. ಅವಳು ಮುಂದೆ ಕೂರಲಿ. ಈ ಪತ್ರದ ವಿಷಯ ಮಾತ್ರ ಅವಳಿಗೆ ಹೇಳಬೇಡ.

ಇಂತಿ,
ನಿನ್ನ ಅತ್ತಿಗೆ