ತೊಳೆದ ಡಬ್ಬಿ

ಡಬ್ಲಿನ್, ಕ್ಯಾಲಿಫೋರ್ನಿಯಾ
೯ ಮಾರ್ಚ್ ೨೦೨೫

ಪ್ರೀತಿಯ ಸೊಸೆ ಅಕ್ಷಯಾ,

ಧೂಳಿನ ಕೆಮ್ಮು ಹೇಗಿದೆ? ಶುಂಠಿ ಕಷಾಯ ಕುಡಿಯುತ್ತಿದ್ದೀಯಾ, ಇಲ್ಲ ಮಾತ್ರೆ ನುಂಗಿ ಮಲಗುತ್ತಿದ್ದೀಯಾ? ನಾವು ಕ್ಷೇಮ. ನಿನ್ನ ಮಗಳು ಶರಣ್ಯಾಗೆ ಮುಂದಿನ ಹಲ್ಲು ಬಿದ್ದಿದೆ. ನಕ್ಕರೆ ಥೇಟ್ ಅವಳಪ್ಪ, ನಮ್ಮ ರಘು. ನಿನಗೆ ಬೇಜಾರಾದರೂ ಸತ್ಯ ಸತ್ಯವೇ.

ನಿನ್ನ ಇ-ಮೇಲನ್ನು ರಘು ಪ್ರಿಂಟ್ ಮಾಡಿಕೊಟ್ಟು ಮುಖ ಊದಿಸಿಕೊಂಡು ಕೂತ. ಇಪ್ಪತ್ತು ವರ್ಷದಿಂದ ಚಾಡ್ ದೇಶದ ಡೇರೆಗಳಲ್ಲಿರುವ, ಸುಡಾನಿನಿಂದ ಓಡಿಬಂದ ಜನಕ್ಕೆ ಹಿಟ್ಟಿನ ಚೀಲ ಹಂಚಿ ಬಂದುಬಿಟ್ಟರೆ ಸಾಲದು, ತಮಗೇನೂ ಸಿಗಲಿಲ್ಲವೆಂದು ಪಕ್ಕದ ಹಳ್ಳಿಯವರು ನೀರಿನ ಲಾರಿಗೆ ಕಲ್ಲು ಹೊಡೆಯುತ್ತಾರೆ, ಡೇರೆಯವರೂ ಹಳ್ಳಿಯವರೂ ಸೇರಿ ಒಂದು ಬಾವಿ ತೋಡುವವರೆಗೆ ಇಲ್ಲೇ ಇರಲೇ ಅತ್ತೆ ಎಂದು ಕೇಳಿದ್ದೀಯ. ಏಪ್ರಿಲ್‌ಗೆ ವಾಪಸು ಟಿಕೆಟ್ ಆಗಿದೆಯಲ್ಲ ಎಂದು ಇವನು ಗೊಣಗುತ್ತಾನೆ. ನೀನಿಲ್ಲದೆ ನನಗೂ ಈ ಅಪಾರ್ಟ್‌ಮೆಂಟು ಬಿಕೋ ಎನ್ನುತ್ತದೆ. ಉತ್ತರ ಆಮೇಲೆ.

ಕೆಳಗಿನ ಮನೆಗೆ ಕಾಬೂಲಿನಿಂದ ಬಂದಳಲ್ಲ, ಜರ್ಮೀನಾ. ಅವಳ ಮನೆಯಲ್ಲಿ ಪಾತ್ರೆಪಗಡವಿಲ್ಲವೆಂದು ದಿನಾ ಅನ್ನ ಸಾರು ಕಳಿಸುತ್ತಿದ್ದೆ. ಡಬ್ಬಿಯನ್ನು ಫಳಫಳ ತೊಳೆದು ನಮ್ಮ ಬಾಗಿಲ ಹೊರಗಿಟ್ಟು ಓಡುತ್ತಿದ್ದಳು, ಮುಖ ತೋರಿಸುತ್ತಿರಲಿಲ್ಲ. ನಮ್ಮ ಮಂಡ್ಯದ ಕಡೆ ಖಾಲಿ ಪಾತ್ರೆ ವಾಪಸು ಕೊಡುವುದುಂಟೇ? ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಎಷ್ಟು ಜಂಬ ಇವಳಿಗೆ ಎಂದುಕೊಂಡೆ. ಸಂಕ್ರಾಂತಿ ಹೊತ್ತಿಗೆ ನಮ್ಮಲ್ಲಿ ಕೊತ್ತಂಬರಿ ತೀರಿತ್ತು, ಅವಳ ಕುಂಡದಲ್ಲಿ ನಳನಳಿಸುತ್ತಿತ್ತು. ಬಾಗಿಲು ತಟ್ಟಿ, ಕೈಸನ್ನೆ ಮಾಡಿ, “ಒಂದ್ ಹಿಡಿ ಸೊಪ್ಪು ಕೊಡವ್ವ” ಎಂದೆ. ಅವಳ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು! ಮಾರನೆಯ ದಿನ ಡಬ್ಬಿಯೊಳಗೆ ಬಿಸಿ ರೊಟ್ಟಿ. ಈಗ ನನ್ನ ಸಾರಿಗೆ ಉಪ್ಪು ಜಾಸ್ತಿ ಎಂದು ಗದರುವಷ್ಟು ಸಲಿಗೆ. ಬರೀ ತೆಗೆದುಕೊಳ್ಳುವುದು ಅವಳಿಗೆ ಎಷ್ಟು ಕಷ್ಟವಾಗಿತ್ತೋ ಪಾಪ. ನೀನೂ ಹಳ್ಳಿಯ ಹೆಂಗಸರ ಹತ್ತಿರ ಏನಾದರೂ ಕೇಳು, ಡೇರೆಯ ಹೆಂಗಸರ ಕೈಯಿಂದ ಅವರಿಗೆ ಏನಾದರೂ ಕೊಡಿಸು. ಬಾವಿ ತೋಡುವುದು ಆಮೇಲೆ ಸುಲಭ.

ರಘುವಿನ ವಿಚಾರ ಅವನೇ ಬರೆದುಕೊಳ್ಳಲಿ. ಕೆಮ್ಮು ಬೇಗ ಬಿಟ್ಟುಹೋಗಲಿ, ತಣ್ಣಗಿರು ಮಗಳೇ.

ನಿನ್ನ ಅತ್ತೆ,
ಭದ್ರಮ್ಮ

ಮರೆತಿದ್ದೆ: ಚಟ್ನಿಪುಡಿ ತುಂಬಿ ಕಳಿಸಿದ ನನ್ನ ಸ್ಟೀಲ್ ಡಬ್ಬಿಯನ್ನು ಖಾಲಿ ತಂದೀಯೆ, ಜೋಕೆ! ಆ ಬಾವಿಯ ನೀರು ತುಂಬಿಕೊಂಡೇ ಬಾ. ಟಿಕೆಟ್ ಮುಂದಕ್ಕೆ ಹಾಕಿಸು, ರಘುವನ್ನು ನಾನು ನೋಡಿಕೊಳ್ಳುತ್ತೇನೆ. ಶರಣ್ಯಾಗೂ ಹೇಳಿದೆ. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಬಿದ್ದ ಹಲ್ಲನ್ನು ಕುಂಕುಮದ ಡಬ್ಬಿಗೆ ಹಾಕಿ ಮುಚ್ಚಿ, “ಅಮ್ಮ ಕ್ಯಾನ್ ಸೀ ಇಟ್ ಲೇಟರ್, ಅಜ್ಜಿ” ಎಂದಳು.